ಹನುಮನಹಳ್ಳಿಯ ಬಾಳೆ, ಕೊಪ್ಪಳದ ಉತ್ತತ್ತಿ

ಅಂಜನಾದ್ರಿಯ 575 ಮೆಟ್ಟಿಲನ್ನು ಬಾಳೆಹಣ್ಣು ಕೈಯಲ್ಲಿ ಹಿಡಿದು ಹತ್ತುವ ಭಕ್ತರು ಕಡಿಮೆ. ಹಿಡಿದರೆ ಅರ್ಧ ದಾರಿಯಲ್ಲೇ ಅದು ಮಂಗನ ಪಾಲು. ಬೆಟ್ಟದ ಬುಡದ ಹನುಮನಹಳ್ಳಿ, ಅತ್ತ ಆನೆಗೊಂದಿ, ಇತ್ತ ಸಾಣಾಪುರ: ಗಂಗಾವತಿ ತಾಲ್ಲೂಕಿನ ಈ ಪಟ್ಟಿಯಲ್ಲಿ ಬಂಡೆಗುಡ್ಡ ಬಿಟ್ಟುಕೊಟ್ಟ ನೆಲವೆಲ್ಲ ಭತ್ತ, ಇಲ್ಲವೇ ಬಾಳೆ. ತುಂಗಭದ್ರೆಯ ನೀರು ಕಾಲುವೆಯಲ್ಲಿ ಹರಿಯುವವರೆಗೆ ಬೆಳೆಗೆ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಗೊನೆ ಇಳಿಸಿದ ಮೇಲೆ. ಹಣ್ಣಾದ ಬಾಳೆ ಯಾರಿಗೂ ಕಾಯುವುದಿಲ್ಲ. ಮೂರನೇ ದಿನಕ್ಕೆ ಚುಕ್ಕೆ, ಐದನೇ ದಿನಕ್ಕೆ ಕಪ್ಪು, ಆಮೇಲೆ ದನದ ಗೋದಲಿ.

ಬಾಳೆಯ ಉಳಿದ ಭಾಗಕ್ಕೆ ಇಲ್ಲಿ ಆಗಲೇ ದಾರಿ ಸಿಕ್ಕಿದೆ. 1997ರಲ್ಲಿ ಶಮಾ ಪವಾರ್ ಆನೆಗೊಂದಿಯಲ್ಲಿ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಊರಿನ ಹೆಣ್ಣುಮಕ್ಕಳಿಗೆ ಬಾಳೆ ನಾರಿನ ಕೆಲಸ ಕಲಿಸಿತು. ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ದಿಂಡಿನ ಪಟ್ಟೆ ಹಗ್ಗವಾಗಿ, ಚೀಲವಾಗಿ, ಬುಟ್ಟಿಯಾಗಿ ಊರು ದಾಟಿತು. ಕಾಯಿಗೆ 2021ರ ಕೊರೊನಾ ಕಾಲದಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಗಳು ದಾರಿ ತೋರಿಸಿದವು. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಬೆನ್ನಿಗೆ ನಿಂತ ಬಾಕಾಹು, ಅಂದರೆ ಬಾಳೆಕಾಯಿ ಹುಡಿ, ಆ ವರ್ಷ ಜುಲೈನಲ್ಲಿ ಪ್ರಧಾನಿಯ ‘ಮನದ ಮಾತಿ’ನವರೆಗೂ ಹೋಯಿತು. ಹಣ್ಣಿಗೆ ಯಲ್ಲಾಪುರ, ಶಿರಸಿ ಕಡೆಯ ಸುಕೇಳಿ ಇದೆ. ಸಿಪ್ಪೆ ಸುಲಿದು ಒಣಗಿಸಿದ ಬಾಳೆಹಣ್ಣು ಅದು. ಮಳೆಯ ನಾಡಿನವರು ಒಣಗಿಸಿ ತಿನ್ನುತ್ತಾರೆ, ಬಿಸಿಲಿನ ನಾಡಿನ ನಾವು ಕೊಳೆಯಲು ಬಿಡುತ್ತೇವೆ. ಇದು ನನಗೆ ಇನ್ನೂ ಅರ್ಥವಾಗದ ಸಂಗತಿ.

ಈಗ ಪೇಟೆಯಲ್ಲಿ ಹೊಸ ಗಾಳಿಯೊಂದು ಬೀಸುತ್ತಿದೆ. ಸಕ್ಕರೆ ಬೇಡ, ಹಣ್ಣಿನ ಸಿಹಿ ಬೇಕು ಎನ್ನುವವರು ಹೆಚ್ಚಿದ್ದಾರೆ. ಖರ್ಜೂರದ ಸಿರಪ್ಪಿನ ಬಾಟಲಿ ಗಂಗಾವತಿಯ ಸೂಪರ್ ಮಾರ್ಕೆಟ್ಟಿಗೂ ಬಂದಿದೆ, ಬೆಲೆ ಮಾತ್ರ ಜೇನಿನ ಸರಿಸಮ. ಹಾಗಿದ್ದರೆ ಅದನ್ನು ಮನೆಯಲ್ಲೇ, ನಮ್ಮ ಹಣ್ಣಿನಿಂದಲೇ ಮಾಡಿದರೆ? ಆಗುತ್ತದೆ. ಆದರೆ ಎಲ್ಲ ಹಣ್ಣೂ ಒಂದೇ ಸಲೀಸಾಗಿ ಬಗ್ಗುವುದಿಲ್ಲ.

ದ್ರಾಕ್ಷಿ ಸುಲಭದ್ದು. ಹಿಂಡಿದರೆ ರಸ, ರಸ ಕುದಿಸಿದರೆ ಪಾಕ. ತುರ್ಕಿಯವರು ಹೀಗೆ ಮಾಡುವ ಪೆಕ್ಮೆಜ್ ಇದೇ. ಅರಬರು ಖರ್ಜೂರದಿಂದ ದಿಬ್ಸ್ ಇಳಿಸುತ್ತಾರೆ. ಬಾಳೆ ಹಟಮಾರಿ. ಹಿಂಡಿದರೆ ರಸ ಬರುವುದಿಲ್ಲ, ಲೋಳೆ ಬರುತ್ತದೆ. ಕಾರ್ಖಾನೆಯವರು ಕಿಣ್ವ ಹಾಕಿ ಆ ಲೋಳೆಯನ್ನು ಮುರಿದು ರಸ ಬೇರ್ಪಡಿಸುತ್ತಾರೆ. ಮನೆಯಲ್ಲಿ ನಮಗಿರುವುದು ನೀರು, ಬೆಂಕಿ, ತೆಳು ಬಟ್ಟೆ ಮತ್ತು ತಾಳ್ಮೆ.

ಮೊದಲು ಹಣ್ಣಿನ ಆಯ್ಕೆ. ಕಾಯಿ ಬಾಳೆಯ ತಿರುಳಿನಲ್ಲಿ ನೂರಕ್ಕೆ ಸುಮಾರು 20 ಪಾಲು ಪಿಷ್ಟ. ಹಣ್ಣಾಗುತ್ತ ಅದೇ ಪಿಷ್ಟ ಸಕ್ಕರೆಯಾಗಿ, ಪೂರ್ತಿ ಮಾಗಿದಾಗ ಒಂದೆರಡು ಪಾಲಷ್ಟೇ ಪಿಷ್ಟವಾಗಿ ಉಳಿಯುತ್ತದೆ. ಆದ್ದರಿಂದ ಪಾಕಕ್ಕೆ ಬೇಕಾದದ್ದು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿದ, ಮುಟ್ಟಿದರೆ ಮೆತ್ತಗಿರುವ ಹಣ್ಣು. ಕಣ್ಣಿಗೆ ಚೆಂದದ ಹಳದಿ ಹಣ್ಣನ್ನು ನಂಬಬೇಡಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ, ಆದರೂ ನಡೆಯುತ್ತದೆ. ಹಾಗೆ ಅವಸರಕ್ಕೆ ಬಣ್ಣ ಬಂದ ಹಣ್ಣಿನ ಒಳಗೆ ಪಿಷ್ಟ ಹಾಗೇ ಕುಳಿತಿರುತ್ತದೆ. ಅನುಮಾನ ಬಂದರೆ ಹಣ್ಣಿನ ಒಂದು ಬಿಲ್ಲೆ ಕೊಯ್ದು ಮನೆಯ ಔಷಧಿ ಡಬ್ಬಿಯ ಟಿಂಕ್ಚರ್ ಅಯೋಡಿನ್ ಎರಡು ಹನಿ ಬಿಡಿ. ಕಡು ನೀಲಿಯಾಯಿತೋ, ಪಿಷ್ಟ ಇನ್ನೂ ಇದೆ, ಎರಡು ದಿನ ಕಾಯಿರಿ. ಆ ಬಿಲ್ಲೆಯನ್ನು ಎಸೆಯಿರಿ, ಮಕ್ಕಳ ಕೈಗೆ ಸಿಗದಿರಲಿ. ಪಿಷ್ಟ ಉಳಿದ ಹಣ್ಣನ್ನು ಕಾಯಿಸಿದರೆ ಪಾಕ ಆಗುವುದಿಲ್ಲ, ಅಂಬಲಿ ಆಗುತ್ತದೆ.

ಒಂದು ಕಿಲೋ ಸುಲಿದ ಹಣ್ಣನ್ನು ಕಿವುಚಿ, ಅಷ್ಟೇ ನೀರು, ಒಂದು ನಿಂಬೆಹಣ್ಣಿನ ರಸ ಹಾಕಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಡಿ. ಅರ್ಧ ಗಂಟೆಯಲ್ಲಿ ಬಿಳಿ ಮುದ್ದೆ ಮೊದಲು ಬೂದು, ಆಮೇಲೆ ನಸುಗೆಂಪಾಗುತ್ತದೆ. ತಿರುಳು ಒಂದು ಕಡೆ, ತಿಳಿ ಒಂದು ಕಡೆ ಒಡೆದುಕೊಂಡಂತೆ ಕಂಡಾಗ ಇಳಿಸಿ, ತೊಳೆದ ಹಳೆಯ ಧೋತ್ರದ ಬಟ್ಟೆಗೆ ಸುರಿದು ಗಂಟು ಕಟ್ಟಿ ತೂಗುಹಾಕಿ. ಹಿಂಡುವ ಆಸೆ ಬರುತ್ತದೆ, ಹಿಂಡಬಾರದು. ಹಿಂಡಿದರೆ ಲೋಳೆಯೂ ಇಳಿದು ಪಾಕ ಮಬ್ಬಾಗುತ್ತದೆ, ತಳ ಹಿಡಿಯುತ್ತದೆ. ನಾಲ್ಕೈದು ಗಂಟೆ ಸಾಕು. ನಮ್ಮ ಬೇಸಿಗೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಹುಳಿ ವಾಸನೆ ಗ್ಯಾರಂಟಿ.

ಇಳಿದ ತಿಳಿಯನ್ನು ಅಗಲ ಬಾಯಿಯ ಬಾಣಲೆಯಲ್ಲಿ ಮತ್ತೆ ಕಾಯಿಸಬೇಕು. ಬೆಲ್ಲದ ಪಾಕ ಹಿಡಿದು ಶೇಂಗಾ ಉಂಡಿ ಕಟ್ಟಿದ ಕೈಗಳು ಎಡವುವುದು ಇಲ್ಲೇ. ಎರಡು ಬೆರಳಿನ ನಡುವೆ ಎಳೆ ಬರುತ್ತದೆಂದು ಕಾಯುತ್ತ ನಿಂತರೆ ಪಾಕ ಸೀದು ಕಹಿಯಾಗುತ್ತದೆ. ಕಬ್ಬಿನ ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್, ಅದು ಹರಳುಗಟ್ಟುವ ಸಕ್ಕರೆ. ಹಣ್ಣಿನಲ್ಲಿ ಗ್ಲುಕೋಸ್, ಫ್ರಕ್ಟೋಸ್ ಬೆರೆತಿರುತ್ತವೆ. ಮೇಲಿಂದ ನಿಂಬೆಯ ಹುಳಿ ಮತ್ತು ಕಾವು ಸೇರಿ ಇದ್ದ ಸುಕ್ರೋಸನ್ನೂ ಒಡೆಯುತ್ತವೆ. ಹಾಗಾಗಿ ಬಾಳೆಯ ಪಾಕ ಅಚ್ಚಿನಲ್ಲಿ ಗಟ್ಟಿಯಾಗದು, ಹರಿಯುತ್ತಲೇ ಇರುತ್ತದೆ. ತಣ್ಣನೆಯ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ತಟ್ಟೆ ಓರೆ ಮಾಡಿ. ನೀರಿನಂತೆ ಓಡಿದರೆ ಇನ್ನೂ ಕಾಯಿಸಿ. ಸೋಮಾರಿಯಾಗಿ, ಬಾಲ ಬಿಡುತ್ತ ಜಾರಿದರೆ ಒಲೆ ಆರಿಸಿ. ಬಣ್ಣ ಚಹಾದ ಡಿಕಾಕ್ಷನ್ನಿನದು, ರುಚಿಯಲ್ಲಿ ಸಿಹಿಯ ಹಿಂದೆಯೇ ಒಂದು ಸಣ್ಣ ಒಗರು.

ಪಾಕ ಕೆಡದೆ ಹೊರಗೆ ಉಳಿಯಬೇಕಾದರೆ ನೂರಕ್ಕೆ 70 ಪಾಲಿನಷ್ಟು ಸಕ್ಕರೆ ಅಂಶ ಇರಬೇಕು. ಕುಷ್ಟಗಿ ಕಡೆಯ ದಾಳಿಂಬೆ, ದ್ರಾಕ್ಷಿ ಬೆಳೆಗಾರರ ಬಳಿ ಸಕ್ಕರೆ ಅಂಶ ಅಳೆಯುವ ಬ್ರಿಕ್ಸ್ ಮೀಟರ್ ಇರುತ್ತದೆ. ಆದರೆ ಹಣ್ಣಿನ ರಸ ನೋಡುವ 0ರಿಂದ 32ರ ಅಳತೆಯ ಮೀಟರ್ ಈ ಕೆಲಸಕ್ಕೆ ಸಾಲದು. ಅಳತೆ ಇಲ್ಲದವರು ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸುವುದೇ ಸರಿ. ನೊರೆ ಬಂದರೆ, ಮುಚ್ಚಳ ತೆಗೆದಾಗ ‘ಪುಸ್’ ಎಂದರೆ ಚೆಲ್ಲಿ.

ಲೆಕ್ಕವನ್ನೂ ಹೇಳಿಬಿಡಬೇಕು. ಬಾಳೆ ತಿರುಳಿನಲ್ಲಿ ತಳಿ, ಮಾಗುವಿಕೆ ನೋಡಿ ನೂರು ಗ್ರಾಮಿಗೆ 12ರಿಂದ 20 ಗ್ರಾಂ ಸಕ್ಕರೆ. ಸಿಪ್ಪೆ ಕಳೆದು, ಬಟ್ಟೆಯಲ್ಲಿ ಉಳಿದದ್ದು ಕಳೆದರೆ ಸಿಪ್ಪೆಸಹಿತ ಒಂದು ಕಿಲೋ ಹಣ್ಣಿಗೆ ನೂರೈವತ್ತು ಗ್ರಾಂ ಪಾಕ ಸಿಕ್ಕರೆ ನಿಮ್ಮ ಕೈಗುಣ ಒಳ್ಳೆಯದು. ಬಟ್ಟೆಯಲ್ಲಿ ಉಳಿದ ತಿರುಳನ್ನು ಎಸೆಯಬೇಡಿ. ಗೋಧಿ ಹಿಟ್ಟಿಗೆ ಕಲಸಿದರೆ ಸಿಹಿ ಚಪಾತಿಯಾಗುತ್ತದೆ. ನಿಜ ಹೇಳಬೇಕೆಂದರೆ ಈ ತಿರುಳಿನಲ್ಲೇ ನಾರಿನ ಅಂಶ ಇರುವುದು, ನಾವು ಮೆಚ್ಚಿ ಬಾಟಲಿಗೆ ತುಂಬಿದ ಪಾಕದಲ್ಲಲ್ಲ.

ಇಷ್ಟೆಲ್ಲ ಪಡಿಪಾಟಲು ಇಲ್ಲದ ಹಣ್ಣಿನ ಸಿಹಿಯೊಂದು ನಮ್ಮ ಅಡುಗೆಮನೆಯಲ್ಲಿ ಮೊದಲಿಂದಲೂ ಇತ್ತು. ಕೊಪ್ಪಳದ ಗವಿಸಿದ್ಧೇಶ್ವರನ ತೇರು ಜನವರಿಯಲ್ಲಿ ಎಳೆಯುವಾಗ ಜನ ಉತ್ತತ್ತಿ ಎಸೆಯುತ್ತಾರೆ. ತೇರಿನ ಮೇಲೆ, ತಲೆಯ ಮೇಲೆ, ಎಲ್ಲೆಲ್ಲೂ ಉತ್ತತ್ತಿ. ಮನೆಯಲ್ಲಿ ಬಾಣಂತಿ ಇದ್ದರೆ ಅಂಟಿನ ಉಂಡಿಗೆ ಉತ್ತತ್ತಿ, ಕೊಬ್ಬರಿ ಇಲ್ಲದೆ ನಡೆಯದು. ಎಳೆಗೂಸಿಗೆ ಉತ್ತತ್ತಿ ತೇದು ನೆಕ್ಕಿಸಿದ ಅಜ್ಜಿಯಂದಿರಿಗೆ ಯಾವ ಸೂಪರ್ ಮಾರ್ಕೆಟ್ಟೂ ಪಾಠ ಹೇಳಬೇಕಾಗಿಲ್ಲ. ಉತ್ತತ್ತಿಯೆಂದರೆ ಒಣಗಿದ ಖರ್ಜೂರವೇ. ಅದರ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಕ್ಕರೆ, ನಾರೂ ಜೊತೆಗಿದೆ.

ಪುಡಿ ಮಾಡುವುದು ಹೀಗೆ: ಅಡಕೊತ್ತಿನಲ್ಲಿ ಉದ್ದಕ್ಕೆ ಸೀಳಿ ಬೀಜ ತೆಗೆಯಿರಿ. ಒಂದೊಂದನ್ನೂ ಬಿಡಿಸಿ ಒಳಗೆ ನೋಡಿ, ಹುಳ ಇರುವುದು ಅಲ್ಲೇ. ಅಡಿಕೆ ಹೋಳಿನಷ್ಟು ತೆಳುವಾಗಿ ಕತ್ತರಿಸಿ ಏಪ್ರಿಲ್ ಬಿಸಿಲಿಗೆ ಎರಡು ದಿನ ಹರಡಿ. ಹಲ್ಲಿಗೆ ಸಿಕ್ಕಿದಾಗ ಕಟ್ ಎನ್ನಬೇಕು. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಬಿಸಿಗೆ ಪುಡಿ ಮೆತ್ತಗಾಗಿ ಉಂಡೆಗಟ್ಟುತ್ತದೆ, ಬಿಟ್ಟು ಬಿಟ್ಟು ತಿರುಗಿಸಿ. ಜರಡಿ ಹಿಡಿದು ಒಣ ಬಾಟಲಿಗೆ ತುಂಬಿದರೆ ಮಳೆಗಾಲ ಹಿಡಿಯುವವರೆಗೆ ಚಿಂತೆಯಿಲ್ಲ. ಒದ್ದೆ ಚಮಚ ಹಾಕಿದ ದಿನ ಕಲ್ಲಾಗುತ್ತದೆ.

ಇದನ್ನು ಚಹಾಕ್ಕೆ ಹಾಕಬೇಡಿ. ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಹಾಲು, ರಾಗಿ ಗಂಜಿ, ಸಜ್ಜಕ, ಗೋಧಿ ಹುಗ್ಗಿಗೆ ಹೇಳಿ ಮಾಡಿಸಿದ್ದು. ಮಾದಲಿಗೆ ಬೆಲ್ಲ ಅರ್ಧ ಇಳಿಸಿ ಇದನ್ನು ಅರ್ಧ ಹಾಕಿದರೂ ಪಂಕ್ತಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬಾಳೆಯ ಪಾಕವನ್ನೂ ಕುದಿಯುವ ಹಾಲಿಗೆ ಸುರಿಯಬಾರದು, ನಿಂಬೆ ಹುಳಿಗೆ ಹಾಲು ಒಡೆಯುತ್ತದೆ. ಅದು ದೋಸೆಗೆ, ರೊಟ್ಟಿಗೆ ಹಚ್ಚಿಕೊಳ್ಳಲು, ಹನುಮನಹಳ್ಳಿಯ ಗೆಸ್ಟ್‌ಹೌಸುಗಳಲ್ಲಿ ವಿದೇಶಿಯರಿಗೆ ಸುಡುವ ಬಾಳೆಹಣ್ಣಿನ ಪ್ಯಾನ್‌ಕೇಕಿನ ಮೇಲೆ ಸುರಿಯಲು ಚೆನ್ನ. ಜೇನು ಕೊಂಡು ತರುವ ಬದಲು ಊರಿನ ಹಣ್ಣಿನ ಪಾಕ ಇಟ್ಟರೆ ಆ ದುಡ್ಡು ಊರಲ್ಲೇ ಉಳಿದೀತು.

ಉತ್ತತ್ತಿಗೂ ಒಂದು ಕೊರತೆಯಿದೆ, ಅದು ನಮ್ಮ ನೆಲದ ಬೆಳೆಯಲ್ಲ. ಬಹುಕಾಲ ನಮ್ಮ ಪೇಟೆಗೆ ಬರುತ್ತಿದ್ದುದರಲ್ಲಿ ದೊಡ್ಡ ಪಾಲು ಪಾಕಿಸ್ತಾನದ ಸಿಂಧ್ ಕಡೆಯದು. 2019ರ ಫೆಬ್ರುವರಿಯಲ್ಲಿ ಆ ದೇಶದ ಸರಕಿನ ಮೇಲೆ ಭಾರತ ಶೇ 200ರ ಸುಂಕ ಹಾಕಿತು, 2025ರ ಮೇನಲ್ಲಿ ಆಮದನ್ನೇ ನಿಲ್ಲಿಸಿತು. ಗಡಿಯ ಜಗಳ ಬಾಣಂತಿಯ ಉಂಡಿಯವರೆಗೂ ಬರುತ್ತದೆಂದರೆ ನಂಬಲೇಬೇಕು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ‘ಶುಗರ್ ಇದ್ದವರು ತಿನ್ನಬಹುದೇನ್ರಿ?’ ಹಣ್ಣಿನದು ಎಂಬ ಒಂದೇ ಕಾರಣಕ್ಕೆ ಹೌದೆನ್ನಲು ಬಾರದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ದಿನದ ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಮಾತ್ರ ಬಿಡಿ ಸಕ್ಕರೆಯಿಂದ ಬರಲಿ, ಶೇ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂದಿತು. ಆ ಬಿಡಿ ಸಕ್ಕರೆಯ ಪಟ್ಟಿಯಲ್ಲಿ ಜೇನು, ಸಿರಪ್ಪು, ಹಣ್ಣಿನ ರಸ, ಅದರ ಪಾಕ ಎಲ್ಲವೂ ಸೇರಿವೆ. ಇಡೀ ಹಣ್ಣು ಮಾತ್ರ ಹೊರಗಿದೆ. ಐಸಿಎಂಆರ್‌–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಅಷ್ಟು ಜನರಿಗೆ ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿ ಸಕ್ಕರೆಯನ್ನೇ ಮಾರುವುದು ನನ್ನ ಪ್ರಕಾರ ವ್ಯಾಪಾರವಲ್ಲ, ಮೋಸ. ಶುಗರ್ ಇರುವವರು ಪಾಕವನ್ನು ಸಕ್ಕರೆಯೆಂದೇ, ಉತ್ತತ್ತಿ ಪುಡಿಯನ್ನು ಸಕ್ಕರೆ ತುಂಬಿದ ಹಣ್ಣೆಂದೇ ಎಣಿಸಿ, ಎಷ್ಟೆಂಬುದನ್ನು ತಮ್ಮ ವೈದ್ಯರ ಹತ್ತಿರ ಕೇಳಲಿ.

ಉಳಿದವರು ಎರಡರಲ್ಲಿ ಒಂದನ್ನು ಮಾಡಿ ನೋಡುವುದಾದರೆ ಉತ್ತತ್ತಿ ಪುಡಿಯಿಂದ ಶುರು ಮಾಡಿ. ಬಾಳೆಯ ಪಾಕಕ್ಕೆ ಕೈ ಹಾಕುವುದು ಮನೆಯಲ್ಲಿ ಗೊನೆ ಹಣ್ಣಾಗಿ ಕುಳಿತು, ತಿನ್ನುವವರು ಸಾಲದಾದಾಗ ಮಾತ್ರ. ಅಂಗಡಿಯಿಂದ ಹಣ್ಣು ಕೊಂಡು ತಂದು ಕಾಯಿಸಿದರೆ ಗ್ಯಾಸಿನ ಖರ್ಚೂ ಹುಟ್ಟುವುದಿಲ್ಲ.