ಅಯಸ್ಕಾಂತಕ್ಕೂ ಸಿಗದ ಕಾಂತ

ಚಾಮರಾಜನಗರದ ಕರಿಕಲ್ಲು ಕೊಯ್ಯುವ ಕಡೆ ನೆಲಕ್ಕೆ ಬಿದ್ದ ಪುಡಿ ಒಂದು ಹಿಡಿ ತನ್ನಿ. ಒಣಗಿಸಿ, ಕಾಗದದ ಮೇಲೆ ತೆಳ್ಳಗೆ ಹರಡಿ, ಕೆಳಗಿನಿಂದ ಒಂದು ಅಯಸ್ಕಾಂತ ಆಡಿಸಿ ನೋಡಿ. ಬೂದುಬಣ್ಣದ ಪುಡಿಯ ನಡುವೆ ಒಂದಷ್ಟು ಕಪ್ಪು ಕಣಗಳು ನೆಟ್ಟಗೆ ಎದ್ದು ನಿಲ್ಲುತ್ತವೆ! ಅಯಸ್ಕಾಂತ ಹೋದತ್ತ ಸಾಲುಗಟ್ಟಿ ಹೊರಡುತ್ತವೆ. ಅದು ಮ್ಯಾಗ್ನೆಟೈಟ್, ಕಬ್ಬಿಣವೂ ಆಮ್ಲಜನಕವೂ ಕೂಡಿ ಆದ ಖನಿಜ. ಸ್ಮಾರಕಕ್ಕೆಂದು, ಗೋರಿಗೆಂದು ಹಡಗು ಹತ್ತಿ ದೇಶಾಂತರ ಹೋಗುವ ಈ ಕಲ್ಲಿನ ಕಪ್ಪಿನಲ್ಲಿ ಅದರ ಪಾಲೂ ಇದೆ.

ಸೋಜಿಗ ಶುರುವಾಗುವುದು ಇಲ್ಲಿಂದ. ಆ ಕಣದೊಳಗೆ ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟಾಣಿ ಅಯಸ್ಕಾಂತ. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು ಅಂದುಕೊಳ್ಳುತ್ತೇವೆ. ಇಲ್ಲ! ಪ್ರತಿ ಮೂರರಲ್ಲಿ ಎರಡು ಒಂದು ಕಡೆಗೆ, ಇನ್ನೊಂದು ಅದಕ್ಕೆ ತದ್ವಿರುದ್ಧ. ಒಂದನ್ನೊಂದು ಕಳೆದು ಉಳಿದ ಶೇಷವೇ ನಮ್ಮ ಕೈಗೆ ಸಿಗುವ ಎಳೆತ. 1948ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಇದನ್ನು ಬರೀ ತರ್ಕದಿಂದ ಹೇಳಿದ. 1951ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಕ್ಲಿಫರ್ಡ್ ಶಲ್ ಮತ್ತು ಸಂಗಡಿಗರು ಹೌದೆಂದು ತೋರಿಸಿಯೇಬಿಟ್ಟರು. ಕಲ್ಲಿನ ಹೊಟ್ಟೆಯೊಳಗೆ ಯಾವ ಪರಮಾಣು ಎತ್ತ ನೋಡುತ್ತಿದೆ ಎಂಬುದನ್ನು!

ತೋರಿಸಿದ್ದು ನ್ಯೂಟ್ರಾನ್. 1932ರಲ್ಲಿ ಜೇಮ್ಸ್ ಚಾಡ್ವಿಕ್ ಪತ್ತೆಹಚ್ಚಿದ ಈ ಕಣಕ್ಕೆ ವಿದ್ಯುದಾವೇಶವಿಲ್ಲ. ಹಾಗಾಗಿ ಪರಮಾಣುವಿನ ಸುತ್ತಲಿನ ಎಲೆಕ್ಟ್ರಾನುಗಳು ಇದನ್ನು ಸುಲಭಕ್ಕೆ ತಡೆಯವು; ದಪ್ಪ ಲೋಹದೊಳಕ್ಕೂ ಸಲೀಸಾಗಿ ನುಗ್ಗುತ್ತದೆ. ಆವೇಶವಿಲ್ಲದಿದ್ದರೂ ತಾನೇ ಒಂದು ಚಿಕ್ಕ ಅಯಸ್ಕಾಂತ ಎಂಬುದು ಇದರ ವಿಶೇಷ. ಒಳಗಿನ ಕಾಂತಗಳು ಇದನ್ನು ಸೆಳೆಯುತ್ತವೆ, ತಳ್ಳುತ್ತವೆ, ದಾರಿ ತಿರುಗಿಸುತ್ತವೆ. ರಿಯಾಕ್ಟರಿನಲ್ಲಿ ಡಿಕ್ಕಿ ಹೊಡೆದೂ ಹೊಡೆದೂ ದಣಿದ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು 2,200 ಮೀಟರ್ ಓಡುತ್ತದೆ. ಅಡ್ಡಿಯೇ ಇಲ್ಲದಿದ್ದರೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಇಪ್ಪತ್ತು ಸೆಕೆಂಡಿನೊಳಗೆ ಬಂದಾಯಿತು! ಆ ವೇಗದಲ್ಲಿ ಅದರ ತರಂಗದೂರ 1.8 ಆಂಗ್‌ಸ್ಟ್ರಾಂ. ಅಂದರೆ ಘನವಸ್ತುವಿನಲ್ಲಿ ಪರಮಾಣುವಿಂದ ಪರಮಾಣುವಿಗೆ ಇರುವ ಅಂತರದ ಆಸುಪಾಸು. ಅದರ ಶಕ್ತಿಯೋ, ಪರಮಾಣುಗಳು ಅದುರುವ, ಅವುಗಳ ಕಾಂತ ತೊನೆಯುವ ಶಕ್ತಿಗೆ ಹೆಚ್ಚುಕಮ್ಮಿ ಸಮಸಮ. ಅಳತೆ ತೆಗೆದು ಹೊಲಿಸಿದ ಹಾಗೆ ಇಷ್ಟೆಲ್ಲ ಒಂದೇ ಕಣದಲ್ಲಿ ಕೂಡಿಬಂದಿರುವುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನ್ಯೂಟ್ರಾನ್ ಎತ್ತ ಚೆದುರಿತು ಎಂದು ನೋಡಿದರೆ ಪರಮಾಣುಗಳು ಎಲ್ಲಿವೆ ಎಂದು ಗೊತ್ತಾಗುತ್ತದೆ. ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ಅಳೆದರೆ ಅವು ಒಳಗೆ ಏನು ಮಾಡುತ್ತಿವೆ ಎಂದು ಗೊತ್ತಾಗುತ್ತದೆ. ಮೊದಲನೆಯದಕ್ಕೆ ಶಲ್‌ಗೆ, ಎರಡನೆಯದಕ್ಕೆ ಕೆನಡಾದ ಬರ್ಟ್ರಂ ಬ್ರಾಕ್‌ಹೌಸ್‌ಗೆ 1994ರ ನೊಬೆಲ್ ಬಂತು. ಆ ಬ್ರಾಕ್‌ಹೌಸ್ ಜೊತೆ ಕೂತು 1958ರಲ್ಲೇ ಜರ್ಮೇನಿಯಂನ ಅದುರಾಟವನ್ನು ಬರೆದವರು ನಮ್ಮ ಪಿ.ಕೆ. ಅಯ್ಯಂಗಾರ್, ಟ್ರಾಂಬೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದವರೂ ಅವರೇ. ಅಲ್ಲಿನ ‘ಧ್ರುವ’ ರಿಯಾಕ್ಟರ್ ಚಾಲೂ ಆದದ್ದು 1985ರ ಆಗಸ್ಟ್ 8ರಂದು, ತುಮಕೂರು ಸೀಮೆಯ ರಾಜಾರಾಮಣ್ಣ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ.

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗೆ ಸೂರ್ಯಕಾಂತಿ ಹೊಲಗಳಿವೆಯಲ್ಲ, ಬಲಿತ ಹೂಗಳೆಲ್ಲ ಮೂಡಲಿಗೆ ಮುಖ ಮಾಡಿ ನಿಂತಿರುತ್ತವೆ. ಕಬ್ಬಿಣದ ಅಯಸ್ಕಾಂತದ ಒಳಗೂ ಅದೇ ಶಿಸ್ತು. ಈಗ ಮೂಡಲು ನೋಡುವ ಪ್ರತಿ ಹೂವಿನ ಅಕ್ಕಪಕ್ಕ, ಹಿಂದೆಮುಂದೆ ಇರುವ ಹೂಗಳೆಲ್ಲ ಪಡುವಲಿಗೆ ತಿರುಗಿವೆ ಎಂದುಕೊಳ್ಳಿ. ಹೊಲವೆಲ್ಲ ಅಷ್ಟೇ ಕಟ್ಟುನಿಟ್ಟು, ಆದರೆ ಒಟ್ಟು ಲೆಕ್ಕ ಸೊನ್ನೆ! ಇಂಥ ವಸ್ತುವಿಗೆ ಆ್ಯಂಟಿಫೆರೋಮ್ಯಾಗ್ನೆಟ್ ಎಂದು ಹೆಸರು. ಅಯಸ್ಕಾಂತ ಹಿಡಿದರೆ ಅಲ್ಲಾಡುವುದಿಲ್ಲ. ಒಳಗೆ ಇಷ್ಟೊಂದು ಕಾಂತ ಕೂತಿದ್ದರೂ ಹೊರಗೆ ಸುದ್ದಿಯೇ ಇಲ್ಲ. ಒಂದೊಂದು ಪರಮಾಣುವನ್ನೂ ಮಾತಾಡಿಸಿ ಬರುವ ನ್ಯೂಟ್ರಾನ್‌ಗೆ ಮಾತ್ರ ಇದು ತಿಳಿದೀತು.

ಈಗ ಸೂಪರ್‌ಕಂಡಕ್ಟರಿಗೆ, ಅಂದರೆ ಅತಿವಾಹಕಕ್ಕೆ ಬರೋಣ. 1911ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು ಮೈನಸ್ 269 ಡಿಗ್ರಿಗೆ ಇಳಿಸಿದಾಗ ಅದರ ವಿದ್ಯುತ್ ತಡೆ ಮಾಯವಾಯಿತು. ಇದೇ ಅತಿವಾಹಕತೆ. ಎಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡು ಓಡುತ್ತವೆ, ಪರಮಾಣುಗಳ ಅದುರಾಟವೇ ಅವನ್ನು ಜೋಡಿಸುವ ಅಂಟು ಎಂದು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ವಿವರಿಸಿದರು. ಈ ಲೆಕ್ಕದಲ್ಲಿ ಕಾಂತತ್ವ ಪರಮ ವೈರಿ. ಕಾಂತೀಯ ಪರಮಾಣುಗಳು ಒಂದಿಷ್ಟು ಬೆರೆತರೂ ಜೋಡಿಗಳು ಮುರಿದುಬೀಳುತ್ತವೆ. ಹಾಗಿರುವಾಗ 1979ರಲ್ಲಿ ಜರ್ಮನಿಯ ಫ್ರಾಂಕ್ ಸ್ಟೆಗ್ಲಿಚ್, ಸೀರಿಯಂ ಎಂಬ ಕಾಂತೀಯ ಧಾತು ತುಂಬಿದ ಸಂಯುಕ್ತವೊಂದರಲ್ಲಿ ಅತಿವಾಹಕತೆ ಕಂಡರು! ಸೀರಿಯಂ ತೆಗೆದು ಕಾಂತವಿಲ್ಲದ ಲ್ಯಾಂಥನಂ ಹಾಕಿದರೆ ಅತಿವಾಹಕತೆಯೇ ಇಲ್ಲ. ವೈರಿ ಇದ್ದರೇನೇ ಮನೆ ನಿಲ್ಲುವುದು ಎಂದಾಯಿತು. ಬಹಳ ಮಂದಿ ನಂಬಲಿಲ್ಲ.

1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್, ಬೇರಿಯಂ ಬೆರೆಸಿದ ಲ್ಯಾಂಥನಂ ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆ ಕಂಡರು. ಅದರ ಮೂಲವಸ್ತು ಬೆಂಗಳೂರಿಗೆ ಹೊಸದಲ್ಲ! ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಇದೇ ಕುಟುಂಬದ ಪದರುಪದರಾದ ಆಕ್ಸೈಡುಗಳನ್ನು ವರ್ಷಗಳ ಹಿಂದಿನಿಂದ ಅಭ್ಯಾಸ ಮಾಡುತ್ತಿದ್ದರು. 1987ರ ಜನವರಿಯಲ್ಲಿ ಬೆಂಗಳೂರಲ್ಲೇ ನಡೆದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಬಂದ ಫಿಲಿಪ್ ಆಂಡರ್ಸನ್, ಈ ವಸ್ತುವಿನ ಬಗ್ಗೆ ಒಂದು ಹೊಚ್ಚಹೊಸ ಕಲ್ಪನೆ ಮುಂದಿಟ್ಟರು. ತಾಮ್ರದ ಕಾಂತಗಳು ಯಾವ ದಿಕ್ಕಿಗೂ ನಿಲ್ಲದೆ, ಇಬ್ಬಿಬ್ಬರಾಗಿ ಜೊತೆಯಾಗುತ್ತ, ಜೊತೆ ಬದಲಾಯಿಸುತ್ತ ದ್ರವದಂತೆ ಇರುತ್ತವೆ. ಅತಿವಾಹಕತೆಯ ಜೋಡಿಗಳು ಅಲ್ಲೇ ತಯಾರಾಗಿ ಕೂತಿವೆ ಎಂದು. ವಿಜ್ಞಾನಲೋಕವೇ ಎದ್ದು ಕೂತಿತು.

ನಿಜವೇ? ನ್ಯೂಟ್ರಾನನ್ನು ಕೇಳಬೇಕು! ಅದೇ ವರ್ಷ ಅಮೆರಿಕದಲ್ಲಿ ಡೇವಿಡ್ ವಾಕ್ನಿನ್ ಮತ್ತು ಜೊತೆಗಾರರು ಏನೂ ಬೆರೆಸದ ಲ್ಯಾಂಥನಂ ತಾಮ್ರದ ಆಕ್ಸೈಡಿನ ಮೇಲೆ ನ್ಯೂಟ್ರಾನ್ ಹಾಯಿಸಿದರು. ದ್ರವವಲ್ಲ, ಕಟ್ಟುನಿಟ್ಟಿನ ಆ್ಯಂಟಿಫೆರೋಮ್ಯಾಗ್ನೆಟ್ ಎಂದು ಉತ್ತರ ಬಂತು. ಆದರೆ ಕಥೆ ಮುಗಿಯಲಿಲ್ಲ. ಒಂದಿಷ್ಟು ಸ್ಟ್ರಾನ್ಷಿಯಂ ಬೆರೆಸುತ್ತ ಹೋದಂತೆ ಆ ಶಿಸ್ತು ಕರಗುತ್ತದೆ, ಅತಿವಾಹಕತೆ ಹುಟ್ಟುತ್ತದೆ. ಕಾಂತಗಳು ಸಾಯುವುದಿಲ್ಲ, ಸಾಲು ತಪ್ಪಿದ ಮೇಲೂ ಒಳಗೊಳಗೇ ಮಿಡಿಯುತ್ತಲೇ ಇರುತ್ತವೆ. ಆ ಮಿಡಿತವನ್ನೂ ನ್ಯೂಟ್ರಾನ್ ಕಂಡಿತು.

ಇದೇ ಹೊತ್ತಿಗೆ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡು 93 ಕೆಲ್ವಿನ್‌ನಲ್ಲೇ ಅತಿವಾಹಕವಾಗುತ್ತದೆಂಬ ಸುದ್ದಿ ಅಮೆರಿಕದಿಂದ ಬಂತು. ಕೆಲ್ವಿನ್ ಎಂದರೆ ಪರಮ ಶೂನ್ಯದಿಂದ ಎಣಿಸುವ ಡಿಗ್ರಿ; ಆ ಲೆಕ್ಕದಲ್ಲಿ ದ್ರವ ನೈಟ್ರೋಜನ್ ಕುದಿಯುವುದು 77ರಲ್ಲಿ. ಅಂದರೆ ದುಬಾರಿ ದ್ರವ ಹೀಲಿಯಂ ಬೇಡವೇ ಬೇಡ! ಮಾಡುವ ಬಗೆಯಾದರೂ ಎಷ್ಟು ಸರಳ. ಇಟ್ರಿಯಂ ಆಕ್ಸೈಡು, ಬೇರಿಯಂ ಕಾರ್ಬೊನೇಟು, ತಾಮ್ರದ ಆಕ್ಸೈಡು ತೂಗಿ, ಖಲ್ಲಿನಲ್ಲಿ ನುಣ್ಣಗೆ ಅರೆದು, ಬಿಲ್ಲೆ ಒತ್ತಿ, 950 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು, ಮತ್ತೆ ಅರೆದು ಮತ್ತೆ ಸುಟ್ಟು, ಆಮ್ಲಜನಕದಲ್ಲಿ ಮೆಲ್ಲಗೆ ತಣಿಸಬೇಕು. ಆ ಮಿಶ್ರಣದಲ್ಲಿ ಹಸಿರು ವಸ್ತುವೊಂದು, ಕಪ್ಪು ವಸ್ತುವೊಂದು ಕಲೆತು ಬರುತ್ತಿದ್ದವು. ಮಾಯೆ ಯಾವುದರಲ್ಲಿ? ಕಪ್ಪಿನಲ್ಲಿ! ಅತಿವಾಹಕತೆಗೆ ಕಾರಣವಾದ ವಸ್ತುವನ್ನು ಗುರುತಿಸಿದ ಬೆಂಗಳೂರಿನ ರಾವ್ ತಂಡದ ಪ್ರಬಂಧ 1987ರಲ್ಲೇ ‘ನೇಚರ್’ನಲ್ಲಿ ಅಚ್ಚಾಯಿತು.

ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಕ್ಷಣ ಬಂದದ್ದು 1991ರಲ್ಲಿ, ಫ್ರಾನ್ಸಿನ ಗ್ರೆನೋಬಲ್ ಊರಿನಲ್ಲಿ. ಜಾನ್ ರೋಸಾ ಮಿನ್ಯೋ ಮತ್ತು ಜೊತೆಯವರು ಈ ಕಪ್ಪು ವಸ್ತುವಿನ ಹರಳಿನ ಮೇಲೆ ನ್ಯೂಟ್ರಾನ್ ಬಿಟ್ಟು, ಎಷ್ಟು ಶಕ್ತಿ ಕಳೆದುಕೊಂಡು ಬರುತ್ತದೆಂದು ಎಣಿಸುತ್ತಿದ್ದರು. 41 ಮಿಲಿ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಎಣಿಕೆ ಧುತ್ತೆಂದು ಏರಿತು! ಹರಳನ್ನು ಬಿಸಿಮಾಡಿ ಅತಿವಾಹಕತೆ ಅಳಿಸಿದರೆ ಆ ಶಿಖರವೂ ಇಲ್ಲ. ತಣಿಸಿದರೆ ಮತ್ತೆ ಪ್ರತ್ಯಕ್ಷ. ಎಲೆಕ್ಟ್ರಾನುಗಳು ಜೋಡಿಯಾದ ಕೂಡಲೇ ಕಾಂತಗಳು ಒಂದೇ ಶ್ರುತಿಯಲ್ಲಿ ತೊನೆಯತೊಡಗುತ್ತವೆ! ಕಾಂತತ್ವಕ್ಕೆ ಅತಿವಾಹಕತೆಯ ಸುದ್ದಿ ಮುಟ್ಟಿದೆ. ಅಂಟು ಅದೇ ಇರಬಹುದೇ? ವಾದ ಇಂದಿಗೂ ನಿಂತಿಲ್ಲ. ಕಾಂತದ ತೊನೆತವೇ ಜೋಡಿ ಕಟ್ಟುತ್ತದೆ ಎನ್ನುವವರುಂಟು, ಜೋಡಿ ಕಟ್ಟಿದ್ದರ ಫಲವಷ್ಟೇ ಅದು ಎನ್ನುವವರೂ ಉಂಟು. ನನ್ನ ಮನಸ್ಸು ಮೊದಲಿನವರ ಕಡೆಗೇ ವಾಲುತ್ತದೆ.

ಯಾಕೆಂದರೆ 2008ರಲ್ಲಿ ಜಪಾನಿನ ಹಿಡಿಯೊ ಹೊಸೊನೊ ತಂಡ ಕಬ್ಬಿಣ, ಆರ್ಸೆನಿಕ್ ಇರುವ ವಸ್ತುವಿನಲ್ಲಿ 26 ಕೆಲ್ವಿನ್‌ಗೇ ಅತಿವಾಹಕತೆ ಕಂಡಿತು. ಕಬ್ಬಿಣ! ಕಾಂತಕ್ಕೇ ಹೆಸರಾದ ಕಬ್ಬಿಣ! ಅದೇ ವರ್ಷ ನ್ಯೂಟ್ರಾನ್ ಈ ಬಳಗದ ವಸ್ತುಗಳ ಒಳಗೂ ಹೊಕ್ಕಿತು. ಮೂಲವಸ್ತುವಿನಲ್ಲಿ ಮತ್ತೆ ಎದುರುಬದರು ಕಾಂತಗಳ ಸಾಲು, ಅತಿವಾಹಕವಾದ ಮೇಲೆ ಮತ್ತೆ ಅಂಥದೇ ಶಿಖರ, ಈ ಬಾರಿ 14 ಮಿಲಿ ಎಲೆಕ್ಟ್ರಾನ್ ವೋಲ್ಟ್ ಬಳಿ. ತಾಮ್ರದ ವಸ್ತುಗಳಿಗೂ ಕಬ್ಬಿಣದ ವಸ್ತುಗಳಿಗೂ ರಸಾಯನದಲ್ಲಿ ಹೋಲಿಕೆ ಕಡಿಮೆ, ಆದರೆ ಗುರುತು ಒಂದೇ.

ಕಬ್ಬಿಣದ ವಸ್ತುವಿನ ಆ ಶಿಖರ ಕಾಣಿಸಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯ ‘ಐಸಿಸ್’ ಕೇಂದ್ರದಲ್ಲಿ. ಅಲ್ಲಿ ರಿಯಾಕ್ಟರ್ ಇಲ್ಲ. ಉಂಗುರದಲ್ಲಿ ಓಡಿಸಿ ವೇಗ ತುಂಬಿದ ಪ್ರೋಟಾನುಗಳನ್ನು ಸೆಕೆಂಡಿಗೆ 50 ಮಿಡಿತದ ಲೆಕ್ಕದಲ್ಲಿ ಟಂಗ್‌ಸ್ಟನ್‌ಗೆ ಗುದ್ದಿಸಿ ನ್ಯೂಟ್ರಾನ್ ಸಿಡಿಸುತ್ತಾರೆ. ಭಾರತದ ಸಂಶೋಧಕರು ಅಲ್ಲಿ ಪ್ರಯೋಗ ಮಾಡಲು ಕೇಂದ್ರ ಸರಕಾರ ದುಡ್ಡು ಕೊಟ್ಟ ಯೋಜನೆಯನ್ನು ನಡೆಸಿದ್ದು ಯಾರು ಗೊತ್ತೇ? ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, 1989ರಲ್ಲಿ ಸಿ.ಎನ್.ಆರ್. ರಾವ್ ಕಟ್ಟಿದ್ದು!

ಇಂಥ ಪ್ರಯೋಗದ ತಯಾರಿಯನ್ನು ಹತ್ತಿರದಿಂದ ನೋಡಬೇಕು. ನ್ಯೂಟ್ರಾನ್ ಬಹುತೇಕ ಏನನ್ನೂ ಮುಟ್ಟದೆ ಹಾದುಹೋಗುವುದರಿಂದ ಗ್ರಾಂಗಟ್ಟಲೆ ಹರಳು ಬೇಕು. ಕಬ್ಬಿಣದ ಈ ವಸ್ತುಗಳೋ ಅನೇಕ ಸಲ ಉಗುರಗಲದ ತೆಳು ಚಕ್ಕೆಗಳಾಗಿಯೇ ಬೆಳೆಯುತ್ತವೆ. ಆದ್ದರಿಂದ ನೂರಾರು ಚಕ್ಕೆಗಳನ್ನು ಒಂದೊಂದಾಗಿ ಎಕ್ಸ್-ರೇಯಲ್ಲಿ ನೋಡಿ, ದಿಕ್ಕು ಹೊಂದಿಸಿ, ಅಲ್ಯುಮಿನಿಯಂ ತಗಡಿಗೆ ಅಂಟಿಸುತ್ತಾರೆ. ತಗಡು ಅಲ್ಯುಮಿನಿಯಮ್ಮೇ ಏಕೆ? ನ್ಯೂಟ್ರಾನಿನ ಪಾಲಿಗೆ ಅದು ಹೆಚ್ಚುಕಮ್ಮಿ ಗಾಜಿನಷ್ಟು ಪಾರದರ್ಶಕ. ಅಂಟಿನಲ್ಲಿ ಹೈಡ್ರೋಜನ್ ಇರಕೂಡದು, ಇದ್ದರೆ ಅದೇ ನ್ಯೂಟ್ರಾನುಗಳನ್ನು ದಿಕ್ಕಾಪಾಲು ಚೆದುರಿಸಿಬಿಡುತ್ತದೆ. ಆಮೇಲೆ ತಾಸುಗಟ್ಟಲೆ, ದಿನಗಟ್ಟಲೆ ಎಣಿಕೆ.

2021ರಲ್ಲಿ ಯುರೇನಿಯಂ ಟೆಲ್ಯುರೈಡಿನಲ್ಲೂ ಇಂಥದೇ ಶಿಖರ ಸಿಕ್ಕಿತು. 2023ರಲ್ಲಿ ನಿಕ್ಕಲ್ ಆಕ್ಸೈಡೊಂದು ಭಾರೀ ಒತ್ತಡದಲ್ಲಿ 80 ಕೆಲ್ವಿನ್ ಬಳಿ ಅತಿವಾಹಕವಾಯಿತು. ಸಾಮಾನ್ಯ ಒತ್ತಡದಲ್ಲಿ ಅದರೊಳಗಿನ ಕಾಂತಗಳ ಮಿಡಿತವನ್ನು ನ್ಯೂಟ್ರಾನ್ ಆಗಲೇ ಕಂಡಿದೆ. ಆದರೆ ಅತಿವಾಹಕತೆ ಹುಟ್ಟುವಷ್ಟು ಒತ್ತಡವನ್ನು ಸಾಮಾನ್ಯವಾಗಿ ಎರಡು ವಜ್ರಗಳ ನಡುವೆ ಸಿಕ್ಕಿಸಿ ಕೊಡುತ್ತಾರೆ, ಅಲ್ಲಿ ಹಿಡಿಸುವ ಚೂರು ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು. ಅಷ್ಟು ಸಣ್ಣ ಚೂರಿನಿಂದ ಹೊರಬರುವ ನ್ಯೂಟ್ರಾನುಗಳನ್ನು ಎಣಿಸುವ ದಾರಿ ಹುಡುಕಬೇಕು, ಇಲ್ಲವೇ ಒತ್ತಡ ಬೇಡದ ದೊಡ್ಡ ಹರಳು ಬೆಳೆಸಬೇಕು. ನಿಕ್ಕಲ್ ಒಳಗೂ ಆ ಶಿಖರ ಇದೆಯೇ ಎಂದು ತಿಳಿಯುವ ದಿನಕ್ಕೆ ನಾನಂತೂ ತುದಿಗಾಲಲ್ಲಿ ನಿಂತಿದ್ದೇನೆ!