ಮೇಣದ ಮೇಲೆ ನಿಂತ 24 ಮೆಟ್ಟಿಲು

ಹಾಸ್ಟೆಲ್‌ನಲ್ಲಿ ಫ್ಲೋರಿಗೊಂದಾದರೂ ಗಿಟಾರ್ ಇರುತ್ತೆ. ಅದರ ಫ್ರೆಟ್‌ಗಳು ಮೊದಲೇ ಕೊರೆದು ಕೂರಿಸಿದವು, ಅಲ್ಲಾಡಲ್ಲ. ಸರಸ್ವತಿ ವೀಣೆಯ ಕತೆ ಬೇರೆ. ಹಲಸಿನ ಮರದ ದಂಡಿಯ ಮೇಲೆ ಎರಡು ಸಾಲು ಮೇಣದ ಕಟ್ಟೆ, ಅದರ ಮೇಲೆ 24 ಲೋಹದ ಮೆಟ್ಟಿಲು. ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ ಮಾಡಿದ ಈ ಕಟ್ಟೆಯೇ ಇಡೀ ವೀಣೆಯಲ್ಲಿ ಅತಿ ಜಾಣ ಭಾಗ ಅಂತ ನಮ್ಮ ಅನಿಸಿಕೆ. ಹೀಗೆ ಮೆಟ್ಟಿಲು ಕೂರಿಸೋದಕ್ಕೆ ‘ಮೇಳ ಕಟ್ಟುವುದು’ ಅಂತಾರೆ.

ಮೇಣ ಯಾಕೆ, ಫಾರ್ಮುಲಾ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಸಪ್ತಕವನ್ನು 12 ಸಮ ಪಾಲು ಮಾಡಿದರೆ, ಒಂದೊಂದು ಮೆಟ್ಟಿಲಿಗೂ ತಂತಿಯ ಉದ್ದವನ್ನು 1.0595ರಿಂದ ಭಾಗಿಸುತ್ತಾ ಹೋದರಾಯ್ತು. ಮಿಡಿಯುವ ತಂತಿ 80 ಸೆಂ.ಮೀ. ಅಂದ್ಕೊಳ್ಳಿ: ಮೊದಲ ಮೆಟ್ಟಿಲು 4.5 ಸೆಂ.ಮೀ. ದೂರದಲ್ಲಿ, 12ನೆಯದು ಸರಿಯಾಗಿ ನಡುವೆ, ಕೊನೆಯ ಎರಡರ ನಡುವೆ ಬರೀ 1.2 ಸೆಂ.ಮೀ.

ಆದರೆ ಈ ಲೆಕ್ಕ ತಂತಿಯ ಬಿಗಿತ ಬದಲಾಗಲ್ಲ ಅಂತ ನಂಬಿಕೊಂಡಿದೆ. ಬೆರಳಿಟ್ಟು ಒತ್ತಿದ ಕೂಡಲೇ ತಂತಿ ಚೂರು ಹಿಗ್ಗುತ್ತೆ, ಬಿಗಿತ ಏರುತ್ತೆ, ಸ್ವರವೂ ಏರುತ್ತೆ. ಎಷ್ಟು ಏರುತ್ತೆ ಅನ್ನೋದು ತಂತಿಯ ದಪ್ಪದ ಮೇಲೆ, ಅದು ಮೆಟ್ಟಿಲಿಂದ ಎಷ್ಟು ಮೇಲಿದೆ ಅನ್ನೋದರ ಮೇಲೆ ನಿಂತಿದೆ. ಏಳು ತಂತಿಗಳಲ್ಲಿ ಸ್ವರ ನುಡಿಸೋಕೆ ನಾಲ್ಕು. ನಾಲ್ಕಕ್ಕೂ ದಪ್ಪ ಬೇರೆ, ಮೆಟ್ಟಿಲು ಮಾತ್ರ ಒಂದೇ. ಜೊತೆಗೆ ಎತ್ತರದ ತಲೆನೋವು. ಒಂದು ಮೆಟ್ಟಿಲು ಕೂದಲೆಳೆಯಷ್ಟು ಮೇಲಿದ್ದರೂ, ಅದರ ಹಿಂದಿನದನ್ನು ಒತ್ತಿದಾಗ ತಂತಿ ಇದಕ್ಕೆ ತಾಗಿ ಜರ್ ಅನ್ನುತ್ತೆ. ಜಾಗ, ಎತ್ತರ ಎರಡೂ ಸೇರಿ ಒಟ್ಟು 48 ವೇರಿಯಬಲ್! ಕಟ್ಟುವವರು ಮೇಣಕ್ಕೆ ಬಿಸಿ ತಾಗಿಸಿ, ಮೆಟ್ಟಿಲನ್ನು ಸರಿಸಿ, ಅದುಮಿ, ತಂತಿ ಮೀಟಿ ಕೇಳ್ತಾರೆ. ಮತ್ತೆ ಸರಿಸ್ತಾರೆ. ಫೀಡ್‌ಬ್ಯಾಕ್ ಲೂಪ್ ಪೂರ್ತಿ ಕಿವಿಯಲ್ಲೇ. ಗಿಟಾರಿನಲ್ಲಿ ಇದೇ ದೋಷವನ್ನು ಬ್ರಿಡ್ಜ್‌ನ ಜಾಗ ಚೂರು ಬದಲಿಸಿ ಒಟ್ಟಾರೆ ಸರಿದೂಗಿಸ್ತಾರೆ. ಇಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಬೇರೆ ಇತ್ಯರ್ಥ.

ಟ್ಯೂನರ್ ಆ್ಯಪ್ ಇಟ್ಕೊಂಡು ನಾವೇ ಕಟ್ಟಬಹುದಲ್ಲ ಅಂತ ಕ್ಲಬ್ಬಿನಲ್ಲಿ ಚರ್ಚೆ ಆಯ್ತು. ಸ್ವರ ಎಷ್ಟು ತಪ್ಪಿದೆ ಅಂತ ಆ್ಯಪ್ ಹೇಳುತ್ತೆ, ಸರಿ. ನಾಲ್ಕು ತಂತಿಗಳಲ್ಲಿ ಯಾವುದಕ್ಕೆ ಎಷ್ಟು ಬಿಟ್ಟುಕೊಡಬೇಕು ಅಂತ ಹೇಳಲ್ಲ.

ಮೇಣದ ಈ ಅನುಕೂಲಕ್ಕೆ ಬೆಲೆಯೂ ಇದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ವೀಣೆ ಬಿಟ್ಟರೆ ಮೆಟ್ಟಿಲು ಜರುಗಬಹುದು. ವರ್ಷ ಕಳೆದಂತೆ ಮೇಣ ಒಣಗಿ ಬಿರುಕು ಬಿಡುತ್ತೆ, ತಂತಿ ಉಜ್ಜಿ ಮೆಟ್ಟಿಲಲ್ಲಿ ಗೀರು ಬೀಳುತ್ತೆ. ಆಗ ಮೇಳ ಹೊಸದಾಗಿ ಕಟ್ಟಿಸಬೇಕು. ಕಟ್ಟುವವರು ಹತ್ತಿರದಲ್ಲಿ ಸಿಗದಿದ್ದರೆ, ಮರ ಗಟ್ಟಿಯಾಗಿದ್ದರೂ ಅಜ್ಜಿಯ ವೀಣೆ ಅಟ್ಟ ಸೇರುತ್ತೆ. ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಅಂಥದ್ದೊಂದು ಇದ್ದರೆ ಮೇಣವನ್ನು ಒಮ್ಮೆ ನೋಡಿ. ಮೆಟ್ಟಿಲು ಸಡಿಲ ಆಗಿದ್ದರೆ ದಯವಿಟ್ಟು ಫೆವಿಕ್ವಿಕ್ ಮಾತ್ರ ಹಾಕ್ಬೇಡಿ.