ಸಣ್ಣ ಎಂಜಿನ್ನಿಗೆ ಹಿಡಿದ ಕಿಟ್ಟ: ಮನೆಯ ಸಾಮಗ್ರಿಗಳಿಂದ ತೆಗೆಯುವ ಬಗೆ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಮುಂಗಾರಿನ ಹೊಸ್ತಿಲಿನಲ್ಲೇ ಆಗಬೇಕು. ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಡುವ ಒಂದೆರಡು ದಿನಗಳಷ್ಟೇ ಸಿಗುತ್ತವೆ. ಅದೇ ಹೊತ್ತಿಗೆ ಸಿಂಪಡಣೆ ಯಂತ್ರದ ಎಂಜಿನ್ನು ದಮ್ಮು ಕಟ್ಟಿ ನಿಂತರೆ ನಷ್ಟ ತೋಟಕ್ಕೆ. ಬಯಲುಸೀಮೆಯಲ್ಲಿ ಹತ್ತಿ, ತೊಗರಿಗೆ ಔಷಧಿ ಹೊಡೆಯುವ ಬೆನ್ನಿನ ಯಂತ್ರಕ್ಕೂ, ಕಳೆ ಕೊಚ್ಚುವ ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ಹೀಗೆ ನಿಂತ ಎಂಜಿನ್ನುಗಳಲ್ಲಿ ಅನೇಕವು ಕೆಟ್ಟಿರುವುದಿಲ್ಲ, ಕಿಟ್ಟ ಕಟ್ಟಿರುತ್ತವೆ ಅಷ್ಟೆ. ಈ ಕಿಟ್ಟವನ್ನು ಮನೆಯಲ್ಲಿರುವ ಸಾಮಗ್ರಿಗಳಿಂದಲೇ ತೆಗೆಯಬಹುದು. ಆದರೆ ಮನೆಯಲ್ಲಿರುವ ಸಾಮಗ್ರಿಗಳಿಂದಲೇ ಎಂಜಿನ್ನನ್ನು ಒಂದೇ ರಾತ್ರಿಯಲ್ಲಿ ಹಾಳುಮಾಡಲೂಬಹುದು. ಆದುದರಿಂದ ಕೈಹಾಕುವ ಮೊದಲು ಎರಡು ಸಂಗತಿ ತಿಳಿದಿರಬೇಕು: ಕೊಳೆ ಯಾವುದು, ಲೋಹ ಯಾವುದು.

ಕಿಟ್ಟ ಕಟ್ಟುವುದು ಹೇಗೆ?

ಈ ಯಂತ್ರಗಳಲ್ಲಿ ಬಹುಪಾಲು ಎರಡು ಸ್ಟ್ರೋಕಿನ ಎಂಜಿನ್ನುಗಳು. ಇವುಗಳಿಗೆ ಎಣ್ಣೆಯ ಬೇರೆ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಭಾಗಗಳನ್ನು ಸವೆಯದಂತೆ ಕಾಪಾಡಿ, ಕೊನೆಗೆ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಪೂರ್ತಿ ಉರಿಯದ ಎಣ್ಣೆಯಿಂದಲೂ ಹೊರಗಿನ ಧೂಳಿನಿಂದಲೂ ಮೂರು ಬಗೆಯ ಕೊಳೆ ಉಂಟಾಗುತ್ತದೆ.

ಮೊದಲನೆಯದು ಹೊರಮೈಯ ಜಿಡ್ಡು. ಎಣ್ಣೆ, ಧೂಳು, ಹುಲ್ಲಿನ ಚೂರು, ಒಣಗಿದ ಔಷಧಿ ಇವೆಲ್ಲ ಸೇರಿ ಸಿಲಿಂಡರಿನ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತವೆ. ಎಂಜಿನ್ನಿನ ಕಾವು ಹೋಗಬೇಕಾದದ್ದು ಈ ರೆಕ್ಕೆಗಳ ನಡುವೆ ಹಾಯುವ ಗಾಳಿಯಿಂದ. ಅವು ಮುಚ್ಚಿದರೆ ಎಂಜಿನ್ನು ಮಿತಿಮೀರಿ ಕಾದು, ಪಿಸ್ಟನ್ನು ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ.

ಎರಡನೆಯದು ಅರಗಿನಂಥ ಪದರ. ಎಣ್ಣೆಯು ಬಿಸಿ ಲೋಹದ ಮೇಲೆ ಮತ್ತೆ ಮತ್ತೆ ಸುಟ್ಟು ಕಂದು ಬಣ್ಣದ ಗಟ್ಟಿ ಮೆರುಗಾಗುತ್ತದೆ. ಉಗುರಿನಿಂದ ಕೆರೆದರೆ ಏಳುವುದಿಲ್ಲ.

ಮೂರನೆಯದು ಇಂಗಾಲ, ಅಂದರೆ ಕರಿ. ಇದು ಪಿಸ್ಟನ್ನಿನ ತಲೆ, ಹೊಗೆ ಹೋಗುವ ಕಂಡಿ, ಸೈಲೆನ್ಸರು ಇವುಗಳಲ್ಲಿ ಕಟ್ಟುತ್ತದೆ. ಕಂಡಿ ಕಿರಿದಾದಷ್ಟೂ ಹೊಗೆ ಒಳಗೇ ಉಳಿದು ಎಂಜಿನ್ನಿನ ಶಕ್ತಿ ಕುಂದುತ್ತದೆ. ಇಂಗಾಲವು ಮನೆಯ ಯಾವ ದ್ರವದಲ್ಲೂ ಕರಗುವುದಿಲ್ಲ. ಅದನ್ನು ಹಿಡಿದಿಟ್ಟ ಎಣ್ಣೆಯ ಅಂಟನ್ನು ಮೆದುಗೊಳಿಸಬಹುದು. ಆಮೇಲೆ ಕೆರೆದೇ ತೆಗೆಯಬೇಕು.

ಮೊದಲು ಲೋಹ ಗುರುತಿಸಿ

ಒಂದು ಅಯಸ್ಕಾಂತದ ತುಂಡು ಸಾಕು. ಹಳೆಯ ರೇಡಿಯೋದ ಸ್ಪೀಕರಿನದಾದರೂ ಆದೀತು. ಅಯಸ್ಕಾಂತ ಅಂಟಿದರೆ ಅದು ಕಬ್ಬಿಣ ಅಥವಾ ಉಕ್ಕು. ಸಾಮಾನ್ಯವಾಗಿ ಸೈಲೆನ್ಸರಿನ ಡಬ್ಬಿ ಹೀಗಿರುತ್ತದೆ. ಅಂಟದಿದ್ದರೆ ಅದು ಅಲ್ಯುಮಿನಿಯಂ ಅಥವಾ ಸತುವಿನ ಎರಕವೆಂದು ತಿಳಿಯಿರಿ. ಪಿಸ್ಟನ್ನು, ಸಿಲಿಂಡರಿನ ಹೊರಮೈ, ಕಾರ್ಬುರೇಟರು ಬಹುಮಟ್ಟಿಗೆ ಈ ಜಾತಿಯವು.

ಅಲ್ಯುಮಿನಿಯಮ್ಮಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ತಾನಾಗಿ ಬೆಳೆದು ಅದನ್ನು ಕಾಪಾಡುತ್ತದೆ. ಕ್ಷಾರವು ಈ ಪೊರೆಯನ್ನು ಕರಗಿಸುತ್ತದೆ. ಪೊರೆ ಹೋದರೆ ಲೋಹವೇ ಕರಗತೊಡಗುತ್ತದೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ಬಟ್ಟೆ ಸೋಡ ಹಾಕಿ ನೀರು ಕುದಿಸಿದಾಗ ಪಾತ್ರೆ ಕಪ್ಪಾಗುವುದನ್ನು ಗೃಹಿಣಿಯರು ಬಲ್ಲರು. ಅದು ಇದೇ ಕ್ರಿಯೆಯ ಆರಂಭ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದೆಂಬುದು ತೋಟಗಾರರಿಗೆಲ್ಲ ಗೊತ್ತಿದೆ. ಮದ್ದಿಗೂ ಲೋಹಕ್ಕೂ ಹೊಂದಾಣಿಕೆ ಇರಬೇಕೆಂಬ ಆ ನಿಯಮವನ್ನೇ ಇಲ್ಲಿಯೂ ಪಾಲಿಸಬೇಕು.

ಯಾವ ವಸ್ತು ಎಲ್ಲಿಗೆ?

ಸೀಮೆಎಣ್ಣೆ ಅಥವಾ ಡೀಸೆಲ್: ಯಾವ ಲೋಹಕ್ಕೂ ಕೆಡುಕಿಲ್ಲ. ಜಿಡ್ಡನ್ನು ಕರಗಿಸಿ, ಕರಿಯ ಅಂಟನ್ನು ಮೆದುಗೊಳಿಸುತ್ತದೆ. ಆದರೆ ರಬ್ಬರಿನ ಸೀಲು, ಕಾರ್ಬುರೇಟರಿನ ತೆಳು ಪರದೆ, ಪ್ಲಾಸ್ಟಿಕ್ ಭಾಗಗಳು ಇದರಲ್ಲಿ ನೆನೆದರೆ ಉಬ್ಬಿ ಕೆಡಬಹುದು.

ಪಾತ್ರೆ ತೊಳೆಯುವ ದ್ರವ ಸಾಬೂನು: ಎಲ್ಲ ಭಾಗಗಳಿಗೂ ಯೋಗ್ಯ. ಬಟ್ಟೆ ಒಗೆಯುವ ಪುಡಿಗಳಲ್ಲಿ ಸೋಡ ಸೇರಿರುವುದರಿಂದ ಅಲ್ಯುಮಿನಿಯಮ್ಮನ್ನು ಅವುಗಳ ಬಿಸಿನೀರಿನಲ್ಲಿ ಹೆಚ್ಚು ಹೊತ್ತು ನೆನೆಹಾಕಬಾರದು.

ಅಡುಗೆ ಸೋಡ: ಇದರ ಕ್ಷಾರಗುಣ ಸೌಮ್ಯವಾದುದು. ನೀರಿನಲ್ಲಿ ಕಲಸಿ ಹಚ್ಚಿ ಉಜ್ಜಿ ಕೂಡಲೇ ತೊಳೆದರೆ ಅಲ್ಯುಮಿನಿಯಮ್ಮಿಗೆ ಅಪಾಯವಿಲ್ಲ.

ಬಟ್ಟೆ ಸೋಡ, ಕಾಸ್ಟಿಕ್ ಸೋಡ, ಒಲೆಯ ಜಿಡ್ಡು ತೆಗೆಯುವ ಕಟು ದ್ರವಗಳು: ಇವುಗಳನ್ನು ಅಲ್ಯುಮಿನಿಯಮ್ಮಿಗೆ ಮುಟ್ಟಿಸಕೂಡದು. ಕಾಸ್ಟಿಕ್ ಸೋಡ ತಗಲಿದಾಗ ಅಲ್ಯುಮಿನಿಯಂ ನೊರೆಯುಕ್ಕಿಸುತ್ತ ಕರಗುತ್ತದೆ. ಆಗ ಹೊರಡುವ ಜಲಜನಕ ಬೆಂಕಿ ಸೋಕಿದರೆ ಸಿಡಿಯುವ ಅನಿಲ. ಒಂದು ರಾತ್ರಿ ನೆನೆದ ಪಿಸ್ಟನ್ನು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಹುಣಸೆ, ನಿಂಬೆ, ವಿನೆಗರ್: ಇವು ತುಕ್ಕಿಗೆ ಮದ್ದೇ ಹೊರತು ಎಣ್ಣೆಯ ಕಿಟ್ಟಕ್ಕಲ್ಲ. ಹಿತ್ತಾಳೆ ಪಾತ್ರೆ ಬೆಳಗಿತೆಂದು ಎಂಜಿನ್ನಿಗೂ ಹಚ್ಚುವುದರಿಂದ ಫಲವಿಲ್ಲ. ಬಚ್ಚಲು ತೊಳೆಯುವ ಆಸಿಡ್ಡಂತೂ ಕಬ್ಬಿಣ, ಅಲ್ಯುಮಿನಿಯಂ ಎರಡನ್ನೂ ತಿನ್ನುತ್ತದೆ.

ಬೂದಿ, ಮರಳು: ಬೂದಿಯೂ ಕ್ಷಾರವೇ. ಜೊತೆಗೆ ಇವುಗಳ ಒಂದು ಕಣ ಸಿಲಿಂಡರಿನೊಳಗೆ ಉಳಿದರೂ ಗೀರು ಬೀಳುತ್ತದೆ.

ಪೆಟ್ರೋಲ್: ಶುಚಿ ಮಾಡಲು ಬಳಸಲೇಬಾರದು. ಇದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುತ್ತದೆ. ಸೀಮೆಎಣ್ಣೆ ಅಷ್ಟು ಸುಲಭವಾಗಿ ಹೊತ್ತುವುದಿಲ್ಲವಾದರೂ 35-40 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಅದರ ಆವಿಯೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಕಲಬುರಗಿ, ರಾಯಚೂರು ಕಡೆ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲೇ ಅಷ್ಟು ತಾಪವಿರುತ್ತದೆ. ಆದುದರಿಂದ ಈ ಕೆಲಸವನ್ನು ಬೆಳಗಿನ ತಂಪಿನಲ್ಲಿ, ಬಯಲಿನಲ್ಲಿ, ಬೀಡಿ ಒಲೆಗಳಿಂದ ದೂರದಲ್ಲಿ ಮಾಡಬೇಕು.

ಶುಚಿಗೊಳಿಸುವ ಕ್ರಮ

1. ಎಂಜಿನ್ನು ಪೂರ್ತಿ ತಣಿದ ಮೇಲೆ ಪ್ಲಗ್ಗಿನ ಟೋಪಿ ಕಳಚಿ, ಟ್ಯಾಂಕಿನ ಪೆಟ್ರೋಲನ್ನು ಬೇರೆ ಡಬ್ಬಿಗೆ ಬಸಿಯಿರಿ. ಗಾಳಿ ಒಳಹೋಗುವ ಬಾಯಿಗೂ ಹೊಗೆಯ ಬಾಯಿಗೂ ಬಟ್ಟೆ ತುರುಕಿರಿ.

2. ಒಣ ಬ್ರಷ್ಷಿನಿಂದ ಧೂಳು, ಹುಲ್ಲು ತೆಗೆಯಿರಿ. ಔಷಧಿ ಹೊಡೆದ ಯಂತ್ರವಾದರೆ ಕೈಚೀಲ ಹಾಕಿಕೊಂಡು, ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಮೈಯನ್ನು ಮೊದಲು ಒರೆಸಿರಿ. ಬೋರ್ಡೋ ದ್ರಾವಣದ ನೀಲಿ ಕಲೆಗಳನ್ನು ಅಂದಂದೇ ಒರೆಸಬೇಕು. ಅದರಲ್ಲಿರುವ ತಾಮ್ರ ಅಲ್ಯುಮಿನಿಯಮ್ಮನ್ನು ಮೆಲ್ಲನೆ ತಿನ್ನುತ್ತದೆ. ಈ ನೀರು ಬಾವಿ, ಕಾಲುವೆ, ದನಗಳ ತೊಟ್ಟಿಗೆ ಸೇರಬಾರದು.

3. ರೆಕ್ಕೆಗಳ ಮೇಲಿನ ಜಿಡ್ಡಿಗೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಅದರ ಮೇಲೆ ದ್ರವ ಸಾಬೂನು ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಹಿಂದಿನವರು ಹೇನಿಗೆ ಹೊಡೆಯುತ್ತಿದ್ದ ಸೀಮೆಎಣ್ಣೆ-ಸಾಬೂನು ಮಿಶ್ರಣದ ಗುಣವೇ ಇಲ್ಲಿಯೂ ಕೆಲಸ ಮಾಡುತ್ತದೆ. ಸಾಬೂನು ಸೇರಿದ ಎಣ್ಣೆ ನೀರಿನೊಡನೆ ಬೆರೆತು ಹೊರಟುಹೋಗುತ್ತದೆ.

4. ಅರಗಿನಂಥ ಪದರಕ್ಕೆ ತಾಳ್ಮೆ ಬೇಕು. ಬಿಚ್ಚಲು ಬರುವ ಲೋಹದ ಭಾಗಗಳನ್ನು ಮಾತ್ರ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡಿ. ಮಾರನೆಯ ದಿನ ಬಿದಿರಿನ ಸಿಬಿರಿನಿಂದ ಕೆರೆದು, ಬಿಸಿ ಸಾಬೂನು ನೀರಿನಲ್ಲಿ ತೊಳೆಯಿರಿ. ಉಳಿದ ಕಲೆಗೆ ಅಡುಗೆ ಸೋಡ ಹಚ್ಚಿ ಉಜ್ಜಿ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಂದು ರಾತ್ರಿ ನೆನೆಸಬೇಕೇ ಹೊರತು ಕಟು ಮದ್ದಿಗೆ ಕೈಹಾಕಬಾರದು.

5. ಹೊಗೆಯ ಕಂಡಿಯ ಕರಿ ತೆಗೆಯಲು ಸೈಲೆನ್ಸರು ಬಿಚ್ಚಿ. ಸ್ಟಾರ್ಟರಿನ ಹಗ್ಗವನ್ನು ನಿಧಾನವಾಗಿ ಎಳೆದು ಪಿಸ್ಟನ್ನು ಮೇಲಕ್ಕೆ ಬಂದು ಕಂಡಿಯನ್ನು ಮುಚ್ಚುವಂತೆ ಮಾಡಿ. ಕಂಡಿ ಕೆಳಮುಖವಾಗಿರುವಂತೆ ಎಂಜಿನ್ನನ್ನು ಹಿಡಿದು ಬಿದಿರಿನ ಸಿಬಿರಿನಿಂದಲೇ ಕೆರೆಯಿರಿ. ಚಾಕು, ಸ್ಕ್ರೂಡ್ರೈವರ್ ಬೇಡ. ಅಲ್ಯುಮಿನಿಯಂ ಮೆದು ಲೋಹ, ಅದರ ಮೇಲೆ ಬಿದ್ದ ಗೀರಿನಲ್ಲಿ ಕರಿ ಮತ್ತೆ ಬೇಗ ಕೂರುತ್ತದೆ. ಉದುರಿದ ಪುಡಿ ಒಳಗೆ ಬೀಳದಂತೆ ಊದಿ ತೆಗೆಯಿರಿ.

6. ಸೈಲೆನ್ಸರಿನ ಡಬ್ಬಿ ಉಕ್ಕಿನದೆಂದು ಖಚಿತವಾದಲ್ಲಿ ಮಾತ್ರ, ಬೇರೆ ಉಪಾಯ ಸಾಗದಾಗ, ಕಾಸ್ಟಿಕ್ ಸೋಡ ಬಳಸಬಹುದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕೋಲಿನಿಂದ ಕದಡಿ. ಸೋಡದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ರಬ್ಬರಿನ ಕೈಚೀಲ, ಕನ್ನಡಕ ಇಲ್ಲದೆ ಈ ಕೆಲಸ ಕೂಡದು. ಕೆಲವು ಗಂಟೆ ನೆನೆದ ಮೇಲೆ ಧಾರಾಳ ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಬಣ್ಣ ಬಳಿದಿದ್ದರೆ ಅದು ಎದ್ದುಹೋಗುತ್ತದೆ. ಒಳಗೆ ಜೇನುಗೂಡಿನಂಥ ಹೊಗೆಶೋಧಕವಿರುವ ಸೈಲೆನ್ಸರನ್ನು ಹೀಗೆ ನೆನೆಸಬಾರದು. ಕಣ್ಣಿಗೆ ಹನಿ ಸಿಡಿದರೆ ಕಡಿಮೆಯೆಂದರೂ 20 ನಿಮಿಷ ಶುದ್ಧ ನೀರು ಹುಯ್ಯುತ್ತ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

7. ಎಲ್ಲ ಭಾಗ ಒಣಗಿದ ಮೇಲೆ ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚಕ್ಕೂ ಕಡಿಮೆ ಎಂಜಿನ್ ಎಣ್ಣೆ ಬಿಟ್ಟು ಹಗ್ಗವನ್ನು ನಾಲ್ಕಾರು ಬಾರಿ ಎಳೆಯಿರಿ. ಬಳಿಕ ಪ್ಲಗ್ಗು ಜೋಡಿಸಿ. ಬಳಸಿದ ಸೀಮೆಎಣ್ಣೆಯನ್ನು ಸೀಸೆಯಲ್ಲಿ ಎರಡು ದಿನ ನಿಲ್ಲಿಸಿದರೆ ಕೊಳೆ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು.

ಹರಳೆಣ್ಣೆಯ ವಿಚಾರ

ಮನೆಯಲ್ಲಿ ಹರಳೆಣ್ಣೆ ಇದೆಯೆಂದು ಪೆಟ್ರೋಲಿಗೆ ಬೆರೆಸುವುದು ಸರಿಯಲ್ಲ. ಹರಳೆಣ್ಣೆ ಉತ್ತಮ ಜಾರು ಗುಣದ್ದೇನೋ ಹೌದು. 1914-18ರ ಮೊದಲ ಮಹಾಯುದ್ಧದ ವಿಮಾನಗಳ ತಿರುಗುವ ಎಂಜಿನ್ನುಗಳಿಗೆ ಅದನ್ನೇ ಹಾಕುತ್ತಿದ್ದರು. ಆಟಿಕೆ ವಿಮಾನ ಹಾರಿಸುವ ಹವ್ಯಾಸಿಗಳ ಪುಟ್ಟ ಎಂಜಿನ್ನುಗಳಲ್ಲಿ ಇಂದಿಗೂ ಮೆಥನಾಲಿನೊಡನೆ ಬಳಸುತ್ತಾರೆ. ಆದರೆ ಅದು ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯದು, ಸುಟ್ಟರೆ ಸೀಮೆಎಣ್ಣೆಗೂ ಬಗ್ಗದ ಅರಗಾಗುತ್ತದೆ. ಈ ಅರಗನ್ನು ತೆಗೆಯಲು ಆ ಹವ್ಯಾಸಿಗಳು ಬಿಡಿಭಾಗಗಳನ್ನು ವಾಹನದ ರೇಡಿಯೇಟರಿಗೆ ಹಾಕುವ ಕೂಲಂಟ್ ದ್ರವದಲ್ಲಿ ಗಂಟೆಗಟ್ಟಲೆ ಬೆಚ್ಚಗಿಡುತ್ತಾರೆ. ಉಪಾಯ ಫಲಿಸುತ್ತದೆ. ಆದರೆ ಆ ದ್ರವದಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಕರು, ಮಗು ಯಾರು ನೆಕ್ಕಿದರೂ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೆ ಬರಬಹುದು. ಅದು ತಾಗಿದ ಪಾತ್ರೆ ಮತ್ತೆ ಅಡುಗೆಗೆ ಸಲ್ಲದು. ಕೊಟ್ಟಿಗೆಯಿರುವ ಮನೆಯಲ್ಲಿ ಈ ಉಪಾಯ ಬೇಡವೆಂದೇ ನಮ್ಮ ಸಲಹೆ.

ಮತ್ತೆ ಕಟ್ಟದಂತೆ ಎಚ್ಚರ

ಎಣ್ಣೆ ಹೆಚ್ಚು ಹಾಕಿದರೆ ಎಂಜಿನ್ನಿಗೆ ಒಳ್ಳೆಯದೆಂಬ ನಂಬಿಕೆಯೇ ಬಹಳಷ್ಟು ಕಿಟ್ಟಕ್ಕೆ ಮೂಲ. ಎರಡು ಸ್ಟ್ರೋಕಿನ ಎಣ್ಣೆಯನ್ನೇ ಕೊಂಡು, ಕೈಪಿಡಿಯಲ್ಲಿ ಹೇಳಿದ ಪ್ರಮಾಣದಲ್ಲಿ ಅಳೆದು ಬೆರೆಸಿ. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಬೀಳಬೇಕು. ಟ್ರ್ಯಾಕ್ಟರಿನಿಂದ ಬಸಿದ ಹಳೆಯ ಎಣ್ಣೆ ಬಳಸಲೇಬಾರದು. ಗಾಳಿ ಸೋಸುವ ಫಿಲ್ಟರನ್ನು ಆಗಾಗ ತೊಳೆಯಿರಿ. ಅದು ಮುಚ್ಚಿದರೆ ಪೆಟ್ರೋಲು ಪೂರ್ತಿ ಉರಿಯದೆ ಕರಿ ಹೆಚ್ಚುತ್ತದೆ. ದಿನದ ಕೆಲಸ ಮುಗಿದು ಎಂಜಿನ್ನು ತಣಿದ ಮೇಲೆ ಐದು ನಿಮಿಷ ಒಣ ಬ್ರಷ್ಷು ಆಡಿಸಿದರೆ, ವರ್ಷದ ಕೊನೆಯಲ್ಲಿ ಎರಡು ರಾತ್ರಿ ನೆನೆಸುವ ಶ್ರಮ ತಪ್ಪುತ್ತದೆ.

ಸಿಂಪಡಣೆಯ ಹಂಗಾಮಿಗೆ ಹದಿನೈದು ದಿನ ಮೊದಲೇ ಯಂತ್ರವನ್ನು ಬಿಚ್ಚಿ ನೋಡುವುದು ಲೇಸು. ಒಂದು ಅಯಸ್ಕಾಂತ, ಒಂದು ಬಿದಿರಿನ ಸಿಬಿರು, ಅರ್ಧ ಲೀಟರ್ ಸೀಮೆಎಣ್ಣೆ, ಸ್ವಲ್ಪ ಸಾಬೂನು ಇಷ್ಟಿದ್ದರೆ ಬಹುಪಾಲು ಕೆಲಸ ಆಗುತ್ತದೆ. ಅಯಸ್ಕಾಂತ ಅಂಟದ ಭಾಗಕ್ಕೆ ಕಟು ಸೋಡ ಮುಟ್ಟಿಸದಿದ್ದರೆ ಎಂಜಿನ್ನು ಉಳಿಯುತ್ತದೆ, ಮಳೆಯ ಬಿಡುವಿನಲ್ಲಿ ಸಿಂಪಡಣೆಯೂ ನಿಲ್ಲುವುದಿಲ್ಲ.